ಪೇಟೆಂಟ್ ಕಚೇರಿಯ ಜರಡಿ ಮೇಡಂ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಹೊಲಿಗೆ ಮಷಿನ್ನಿನ ಮುಂದೆ ಕೂತು ಹಳೆಯ ದಿಂಬಿನ ಚೀಲವೊಂದನ್ನು ಹೊಲಿಯುತ್ತಲೇ ಇದ್ದಾರೆ. ಹೊಲಿಗೆ ಸೊಟ್ಟಂಬಟ್ಟ. ಅದರ ಚಿಂತೆ ಅವರಿಗಿಲ್ಲ. ಅವರು ಕಾಯುತ್ತಿರುವುದು ಕೆಳಗಿನ ದಾರ ಮುಗಿಯುವ ಗಳಿಗೆಗೆ. ಮಷಿನ್ನಿನ ಹೊಟ್ಟೆಯೊಳಗೆ, ಬಾಬಿನ್ ಎಂಬ ಪುಟ್ಟ ಗಾಲಿಗೆ ಸುತ್ತಿರುವ ಆ ದಾರ ಕಣ್ಣಿಗೆ ಬೀಳುವುದಿಲ್ಲ. ಬಟ್ಟೆ ಎತ್ತಿ ನೋಡಿದರೆ ಮೇಲಿನ ದಾರ ಸಲೀಸಾಗಿ ಕೈಗೆ ಬರುತ್ತದೆ. ಕೆಳಗಿನದು ಯಾವಾಗಲೋ ಖಾಲಿಯಾಗಿದೆ. ಗೇಣುದ್ದ ಹೊಲಿದದ್ದು ದಂಡ.

ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳುತ್ತಾರೆ: "ಏನೇ, ಸರ್ಕಾರದವರು ನಿನ್ನನ್ನ ತೆಗೆದುಹಾಕಿದ್ರಾ? ಟೈಲರಂಗಡಿ ಇಡ್ತೀಯಾ?"

"ಇಲ್ಲ ಅತ್ತೆ, ದಾರ ಮುಗಿದಾಗ ಎಷ್ಟು ಸಿಟ್ಟು ಬರುತ್ತೆ ಅಂತ ನೋಡ್ತಿದ್ದೆ."

"ಅಷ್ಟಕ್ಕೆ ನನ್ನ ಮಷಿನ್ ಯಾಕೆ ಗೋಳು ಹುಯ್ಕೊಳ್ತೀಯ? ನನ್ನ ಕೇಳಿದ್ರೆ ಬೈದೇ ತೋರಿಸ್ತಿದ್ನಲ್ಲ!"

ಸೊಸೆ ಪೇಟೆಂಟ್ ಕಚೇರಿಯ ಅಧಿಕಾರಿ. ಯಾರಾದರೂ ಹೊಸತೊಂದನ್ನು ಕಂಡುಹಿಡಿದೆ ಎಂದು ಅರ್ಜಿ ಹಾಕಿದರೆ, ಅದು ನಿಜಕ್ಕೂ ಹೊಸತೇ, ಎಷ್ಟು ಭಾಗ ಹೊಸತು ಎಂದು ಸೋಸಿ ನೋಡಿ ಹಕ್ಕು ಕೊಡುವುದು ಅಥವಾ ಇಲ್ಲವೆನ್ನುವುದು ಅವರ ಕೆಲಸ. ವಕೀಲರ ಬಾಯಲ್ಲಿ ಅವರು ಜರಡಿ ಮೇಡಂ. ಕಡತ ಮನೆಗೆ ತರುವಂತಿಲ್ಲ. ಆದರೆ ಕಡತದಲ್ಲಿರುವ ವಸ್ತುವಿನ ಜೊತೆ ಒಂದು ಬೆಳಗನ್ನಾದರೂ ಕಳೆಯದೆ ವಿಚಾರಣೆಗೆ ಕೂರುವುದಿಲ್ಲ. ನಲ್ಲಿಯ ಅರ್ಜಿ ಬಂದಾಗ ಇವರು ಮನೆಯ ನಲ್ಲಿ ಬಿಚ್ಚಿಟ್ಟಿದ್ದರಿಂದ ಗಂಡ ಮೈಗೆಲ್ಲ ಸೋಪು ಹಚ್ಚಿಕೊಂಡು ನೀರಿಗಾಗಿ ಕೂಗಿಕೊಂಡದ್ದುಂಟು.

"ನೀರಿಲ್ದೆ ಒಂದಿನ ಇರಬಹುದು," ಎನ್ನುತ್ತಾರೆ ಗಂಡ. "ಹೊಸ ಜೋಕ್ ಅಂತ ಹೇಳಿದ್ರೆ, ಇದು ಮೊದ್ಲೇ ಎಲ್ಲೆಲ್ಲಿ ಬಂದಿತ್ತು ಅಂತ ಹೇಳ್ತಾಳಲ್ಲ, ಅದನ್ನ ಹೆಂಗ್ರೀ ತಡ್ಕೊಳ್ಳೋದು?"

ಮೊದಲು ಮೇಡಂ ಕೂಡ ವಕೀಲರೇ, ಅದರಲ್ಲೂ ಹೆಸರು ಮಾಡಿದವರು. ಪೇಟೆಂಟಿನ ಜೀವ ಇರುವುದು ಕ್ಲೈಮ್ ಎಂಬ ಒಂದೆರಡು ವಾಕ್ಯದಲ್ಲಿ. ಇಲ್ಲಿಂದ ಇಲ್ಲಿಯವರೆಗೆ ನನ್ನದು ಎಂದು ಹಾಕಿಕೊಳ್ಳುವ ಬೇಲಿ ಅದು. ಬೇಲಿ ಅಗಲವಾದಷ್ಟೂ ವಕೀಲರಿಗೆ ಹೆಮ್ಮೆ. ಇವರ ಕೈಚಳಕವಿದ್ದದ್ದು ಎದುರಿನವರ ಬೇಲಿ ಕೀಳುವುದರಲ್ಲಿ. ಒಮ್ಮೆ ಬೀಗ ಮಾಡುವ ಮುದುಕರೊಬ್ಬರ ಪೇಟೆಂಟನ್ನು ಕೋರ್ಟಿನಲ್ಲಿ ಪೂರ್ತಿ ಕಿತ್ತುಹಾಕಿದರು. ಆ ಮುದುಕರ ವಕೀಲ ಲೋಕದ ಬೀಗಗಳೆಲ್ಲ ತನ್ನ ಕಕ್ಷಿದಾರನವೇ ಎನ್ನುವಂತೆ ಬರೆದಿದ್ದ. ಅದು ಬಿದ್ದುಹೋದಾಗ, ಮುದುಕರು ನಿಜಕ್ಕೂ ಕಂಡುಹಿಡಿದಿದ್ದ ಒಂದು ಪುಟ್ಟ ಕೊಂಡಿಯೂ ಅದರ ಜೊತೆ ಹೋಯಿತು.

"ಆವತ್ತೇ ಲಿಫ್ಟ್ ಹತ್ರ ಸಿಕ್ಕಿದ್ರು," ಎನ್ನುತ್ತಾರೆ ಮೇಡಂ. " ಸಿಟ್ಟೇ ಇರ್ಲಿಲ್ಲ. 'ಆ ಕೊಂಡಿ ನಂದೇ ಅಲ್ವೇನಮ್ಮಾ?' ಅಂದ್ರು. ಹೌದು ಅಂದೆ. ಮತ್ತೇನು ಹೇಳ್ಲಿ? ಮೇಲೆ ಹೋದ್ರೆ ಆಫೀಸಲ್ಲಿ ನನಗೋಸ್ಕರ ಕೇಕ್ ತಂದಿಟ್ಟಿದ್ರು."

ಮುಂದಿನ ವರ್ಷವೇ ಸರ್ಕಾರದ ಪರೀಕ್ಷೆ ಬರೆದರು. ಕಾರು ಹೋಗಿ ಬಸ್ಸು ಬಂತು. ಗೆಳತಿಯರು, ಮೆಟ್ಟಿಲು ಹತ್ತೋದು ಬಿಟ್ಟು ಇಳೀತಾ ಇದೀಯಲ್ಲ ಮಾರಾಯ್ತಿ ಎಂದರು. ಈಗ ಅವರ ಕೋಣೆಯಲ್ಲಿ ಒಂದು ಫ್ಯಾನು, ಎದ್ದರೆ ಕಿರುಗುಟ್ಟುವ ಒಂದು ಕುರ್ಚಿ, ವರ್ಷಕ್ಕೆ ನೂರಾರು ಅರ್ಜಿಗಳು. ಅರ್ಧಕ್ಕಿಂತ ಹೆಚ್ಚಿನವಕ್ಕೆ ಇಲ್ಲವೆನ್ನಬೇಕು. ಬೈಸಿಕೊಳ್ಳುವುದು ನಿತ್ಯದ ಪಾಡು.

ಇವತ್ತಿನ ವಿಚಾರಣೆ ಹೊಲಿಗೆ ಮಷಿನ್ ರಿಪೇರಿಯವರೊಬ್ಬರದು. ಅವರು ಬಾಬಿನ್ನಿನ ನಡುವೆ ತೆಳ್ಳನೆಯ ಹಿತ್ತಾಳೆ ಪಟ್ಟಿ ಕೂರಿಸಿದ್ದಾರೆ. ಸುತ್ತಿದ ದಾರ ಅದನ್ನು ಅದುಮಿ ಹಿಡಿದಿರುತ್ತದೆ. ದಾರ ಮುಗಿಯುತ್ತ ಬಂದಾಗ ಪಟ್ಟಿ ತಲೆಯೆತ್ತಿ, ಗಾಲಿ ಸುತ್ತಿದಂತೆಲ್ಲ ಟಕ್ ಟಕ್ ಎಂದು ಬಡಿಯುತ್ತದೆ. ಕರೆಂಟು ಬೇಡ, ಸೆಲ್ಲು ಬೇಡ. ಬಿಡಿಭಾಗಗಳ ಕಾರ್ಖಾನೆಯೊಂದು ಆಗಲೇ ಇದನ್ನು ನೋಡಿ ಮಾಡಿ ಮಾರುತ್ತಿದೆ. ಪೇಟೆಂಟ್ ಕೊಡಬೇಡಿ ಎಂದು ತಕರಾರನ್ನೂ ಹಾಕಿದೆ. ಇವತ್ತು ಅರ್ಜಿ ಬಿದ್ದರೆ ಆ ಪಟ್ಟಿ ಊರ ಸೊತ್ತು. ರಿಪೇರಿಯವರಿಗೆ ಉಳಿಯುವುದು ಅಂಗಡಿಯ ಸ್ಟೂಲು ಮಾತ್ರ.

ಅರ್ಜಿ ಬೀಳುವ ಹಾಗೇ ಇದೆ. ಅವರ ವಕೀಲರು ಕ್ಲೈಮ್ ಬರೆದಿರುವುದು ಹೀಗೆ: ದಾರ ಮುಗಿಯುವುದನ್ನು ತಿಳಿಸುವ ಯಾವುದೇ ಏರ್ಪಾಡು. ದೊಡ್ಡ ಮಷಿನ್ನುಗಳಲ್ಲಿ ಅದನ್ನು ತಿಳಿಸುವ ದೀಪ ಎಷ್ಟೋ ಕಾಲದಿಂದ ಇದೆ. ವಕೀಲರೇ ಬೇಲಿಯನ್ನು ಒಳಕ್ಕೆಳೆದುಕೊಳ್ಳಬೇಕು. ಎಳೆದುಕೊಳ್ಳಿ ಎಂದು ಮೇಡಂ ಹೇಳುವಂತಿಲ್ಲ, ಇಬ್ಬರ ನಡುವೆ ಕೂತವರು ಒಬ್ಬರಿಗೆ ಬರೆದುಕೊಡಬಾರದು. ಅವರ ಕೈಲಿರುವುದು ಪ್ರಶ್ನೆ ಮಾತ್ರ.

ವಿಚಾರಣೆಯಲ್ಲಿ ಅದನ್ನೇ ಹಿಡಿಯುತ್ತಾರೆ. ವಕೀಲರನ್ನು ಬಿಟ್ಟು ರಿಪೇರಿಯವರ ಕಡೆ ತಿರುಗುತ್ತಾರೆ. "ಬೇರೆ ಮಷಿನ್ನಲ್ಲಿ ದಾರ ಮುಗೀತು ಅಂತ ದೀಪ ಹೇಳುತ್ತೆ. ನಿಮ್ಮದರಲ್ಲಿ ಯಾರು ಹೇಳೋದು?"

"ದಾರಾನೇ ಮೇಡಂ. ಪಟ್ಟೀನ ಅದುಮಿಟ್ಕೊಂಡಿರೋದೇ ಅದು. ಅದರ ಹಿಡಿತ ಸಡಿಲ ಆದ್ರೆ ಪಟ್ಟಿ ಸುಮ್ನಿರಲ್ಲ."

"ಆ ಪಟ್ಟಿ ತೆಗೆದುಬಿಟ್ರೆ?"

"ತೆಗೆದ್ರೆ ಇನ್ನೇನಿದೆ ಮೇಡಂ? ಮಾಮೂಲಿ ಬಾಬಿನ್ನು."

ಕಾರ್ಖಾನೆಯ ವಕೀಲರು ಎದ್ದು ನಿಲ್ಲುತ್ತಾರೆ. "ಮೇಡಂ, ಕ್ಷಮಿಸಿ, ತಾವೇ ಅವರ ವಾದ ಮಾಡ್ತಿದ್ದೀರಿ."

"ನಿಮಗೂ ಒಂದು ಪ್ರಶ್ನೆ ಇದೆ, ಕೂತ್ಕೊಳ್ಳಿ. ದಾರವೇ ಪಟ್ಟಿಯನ್ನ ಅದುಮಿಟ್ಟಿರೋ ಹಳೇ ಬಾಬಿನ್ ಎಲ್ಲಾದ್ರೂ ಇದ್ರೆ ತೋರಿಸಿ."

ಅವರು ಹಾಳೆ ತಿರುವುತ್ತಾರೆ, ಇನ್ನೊಮ್ಮೆ ತಿರುವುತ್ತಾರೆ. ಇಲ್ಲ.

ಇಷ್ಟಾದರೂ ರಿಪೇರಿಯವರ ವಕೀಲರು ಜಗ್ಗುವುದಿಲ್ಲ. "ಅಗಲ ಬಿಟ್ಟುಕೊಟ್ರೆ ನಮ್ಮ ಕಕ್ಷಿದಾರರಿಗೆ ಅನ್ಯಾಯ ಮೇಡಂ. ಕ್ಲೈಮ್ ಇದ್ದ ಹಾಗೇ ಇರ್ಲಿ." ಮೇಡಂ ಪೆನ್ನಿನ ಕ್ಯಾಪು ತೆಗೆದು ಮತ್ತೆ ಹಾಕುತ್ತಾರೆ. "ಹಾಗಾದ್ರೆ ನಾನು ಇದ್ದದ್ದರ ಮೇಲೇ ಆದೇಶ ಬರೀಬೇಕಾಗುತ್ತೆ. ಮೊದ್ಲು ಎಲ್ರೂ ಟೀ ಕುಡ್ಕೊಂಡು ಬನ್ನಿ."

ಮುಚ್ಚಿದ ಬಾಗಿಲಿನ ಈಚೆ ಅವರೊಬ್ಬರೇ. ಹೊರಗೆ ರಿಪೇರಿಯವರು ತಮ್ಮ ವಕೀಲರ ಮೇಲೆ ದನಿ ಏರಿಸುತ್ತಿರುವುದು ಕೇಳುತ್ತದೆ. ಎದ್ದು ಹೋಗಿ ಒಂದು ಮಾತು ಹೇಳಿದರೆ ಮುಗಿಯಿತು. ಏಳುವುದಿಲ್ಲ. ಟೀ ಆರುತ್ತದೆ. "ಆ ಹೊತ್ತು ಇದೆಯಲ್ಲ," ಎಂದು ಆಮೇಲೆ ಹೇಳುತ್ತಾರೆ, "ವಕೀಲಿ ಮಾಡೋವಾಗ ಬಾಯಿ ನೋವು ಬರ್ತಿತ್ತು. ಇಲ್ಲಿ ಬಾಯಿ ಮುಚ್ಕೊಂಡಿರೋದೇ ನೋವು."

ರಿಪೇರಿಯವರ ವಕೀಲರು ಮುಖ ಊದಿಸಿಕೊಂಡೇ ಒಳಗೆ ಬರುತ್ತಾರೆ. ಕೈಯಲ್ಲಿ ತಿದ್ದಿದ ಹಾಳೆ. ದಾರ ಅದುಮಿ ಹಿಡಿದ ಪಟ್ಟಿ, ಅದು ತಲೆಯೆತ್ತಿ ಬಡಿಯುವ ಬಗೆ, ಅಷ್ಟೇ. ಕಾರ್ಖಾನೆಯವರ ತಕರಾರಿಗೆ ಹಿಡಿದೆಳೆಯಲು ದಾರದ ಕೊನೆಯೇ ಸಿಗುವುದಿಲ್ಲ. ಮೇಡಂ ತಿದ್ದುಪಡಿ ಒಪ್ಪುತ್ತಾರೆ, ಪೇಟೆಂಟ್ ಕೊಡುತ್ತಾರೆ.

ಎಲ್ಲರೂ ಹೋದ ಮೇಲೆ ರಿಪೇರಿಯವರು ಬಾಗಿಲಲ್ಲಿ ನಿಲ್ಲುತ್ತಾರೆ. ಮುಖದಲ್ಲಿ ಖುಷಿಯೂ ಇದೆ, ಏನೋ ಕಳೆದುಕೊಂಡ ಪೆಚ್ಚೂ ಇದೆ. "ಅಷ್ಟುದ್ದ ಬರೆದಿದ್ರು ಮೇಡಂ. ಇಷ್ಟೇನಾ ಉಳಿದಿದ್ದು?"

"ಇಷ್ಟೂ ನಿಮ್ಮದೇ. ಯಾರು ಎಳೆದ್ರೂ ಬರಲ್ಲ."

ಅವರು ಒಂದು ಕ್ಷಣ ಲೆಕ್ಕ ಹಾಕುತ್ತಾರೆ. "ಆ ಕಾರ್ಖಾನೆಯವರು ಈ ಪಟ್ಟಿ ಇಲ್ದೆ ಮಾಡೋಕಾಗಲ್ಲ, ಅಲ್ವಾ?"

"ಅದನ್ನ ನೀವೇ ಹೇಳಿದ್ರಲ್ಲ."

ರಿಪೇರಿಯವರು ನಕ್ಕು, ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೋಗುತ್ತಾರೆ.

ವಕೀಲರಾಗಿ ಅಷ್ಟೊಂದು ಗೆದ್ದವರಿಗೆ ಇಲ್ಲಿ ಯಾರೂ ಗೆಲುವೆಂದು ಕರೆಯದ ಈ ಕೆಲಸದಲ್ಲಿ ಏನು ಸಿಗುತ್ತದೆ ಎಂದು ಕೇಳಿದರೆ, ಜರಡಿ ಮೇಡಂ ಕನ್ನಡಕ ಒರೆಸಿಕೊಳ್ಳುತ್ತ ಹೇಳುತ್ತಾರೆ: "ನಾನು ಇಲ್ಲ ಅಂದಾಗ ಜನ ಬೈಕೊಂಡು ಹೋಗ್ತಾರೆ, ಹೋಗ್ಲಿ. ಹೌದು ಅಂದಿದ್ರಲ್ಲಿ ಕೆಲವು ಕೋರ್ಟಿಗೂ ಹೋಗಿವೆ. ಕೀಳೋದು ಹೇಗೆ ಅಂತ ನನಗೆ ಗೊತ್ತು ನೋಡಿ, ಅದಕ್ಕೇ ಕೀಳೋಕಾಗದ ಹಾಗೆ ಕೊಡ್ತೀನಿ. ಇದುವರೆಗೂ ಒಂದೂ ಬಿದ್ದಿಲ್ಲ."