ಟೈಲರಕ್ಕನ ಎಡಗಾಲು

ಬೆಳಗಿನ ಆರೂಕಾಲು. ವರ್ಕ್‌ಶಾಪಿನ ಷಟರ್ ಇನ್ನೂ ಅರ್ಧ ಮಾತ್ರ ಮೇಲೆದ್ದಿದೆ. ಅದರಡಿ ಬಗ್ಗಿ ಒಳಗೆ ಬಂದ ಹೆಂಗಸು ಚಪ್ಪಲಿ ಬಿಟ್ಟು, ಕಪಾಟಿನಿಂದ ತೆಳು ಅಟ್ಟೆಯ ಬಟ್ಟೆಯ ಶೂ ತೆಗೆದು ಹಾಕಿಕೊಳ್ಳುತ್ತಾರೆ. ಎಡಗಾಲಿನ ಶೂ ಹೆಬ್ಬೆರಳ ಕೆಳಗೆ ಸವೆದು ಸವೆದು ಕಾಗದದಷ್ಟಾಗಿದೆ. ಹೊಸದು ಕೊಡಿಸುತ್ತೇನೆ ಎಂದು ಮಗಳು ವರ್ಷದಿಂದ ಬೆನ್ನು ಹತ್ತಿದ್ದಾಳೆ. ಇವರು ಜಪ್ಪಯ್ಯ ಎಂದರೂ ಒಪ್ಪುವುದಿಲ್ಲ. ದಪ್ಪ ಅಟ್ಟೆ ಹಾಕಿದರೆ ಕಾಲಿಗೆ ಕಿವುಡು ಬಂದ ಹಾಗಾಗುತ್ತದಂತೆ.

ಅಂಗಳದಲ್ಲಿ ನಿಂತಿರುವುದು ಬೂದು ಬಣ್ಣದ ಕಾರು. ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಎನ್ನುವಷ್ಟು ತಗ್ಗು. ನಿಂತಲ್ಲಿಂದ ನಾಲ್ಕು ಸೆಕೆಂಡಿನಲ್ಲಿ ನೂರು ಕಿಲೋಮೀಟರ್ ವೇಗ ಮುಟ್ಟುವ ಜಾತಿ. ಗೇರು ಕೈಯಿಂದಲೇ ಹಾಕಬೇಕು, ಕ್ಲಚ್ ಎಷ್ಟು ಬಿಗಿಯೆಂದರೆ ಅಭ್ಯಾಸವಿಲ್ಲದವರ ತೊಡೆ ಹತ್ತು ನಿಮಿಷದಲ್ಲಿ ನಡುಗತೊಡಗುತ್ತದೆ. ಹೆಂಗಸು ಒಳಗೆ ಕೂತು ಎಂಜಿನ್ ಚಾಲೂ ಮಾಡುತ್ತಾರೆ. ಆಕ್ಸಿಲರೇಟರನ್ನು ಮುಟ್ಟುವುದೇ ಇಲ್ಲ. ಕ್ಲಚ್ ಒತ್ತಿದ ಎಡಗಾಲನ್ನು ಒಂದೊಂದು ನೂಲಿನಷ್ಟೇ ಮೇಲೆತ್ತುತ್ತ ಹೋಗುತ್ತಾರೆ. ಒಂದು ಕಡೆ ಕಾರಿನ ಮೂಗು ತುಸು ಮೇಲೇಳುತ್ತದೆ. "ಇಲ್ಲಿ ಕಚ್ತು" ಎಂದು ತಮಗೇ ಹೇಳಿಕೊಂಡು, ಮತ್ತೆ ಒತ್ತಿ, ಮತ್ತೆ ಬಿಡುತ್ತಾರೆ. ಹೀಗೆ ಮೂರು ಸಲ. ಒಂದು ಕಾರಿನ ಕ್ಲಚ್ಚು ಎಂಜಿನ್ನನ್ನು ಕಚ್ಚುವ ಜಾಗದಲ್ಲಿ ಇನ್ನೊಂದರದು ಕಚ್ಚುವುದಿಲ್ಲ. ಅದೇ ಕಾರು ಬೆಳಿಗ್ಗೆ ಕಚ್ಚಿದಲ್ಲಿ ಸಂಜೆ ಕಚ್ಚುವುದಿಲ್ಲ.

ಇವರಿಗೆ ಐವತ್ತೊಂದು ವರ್ಷ. ಇಲ್ಲಿ ಎಲ್ಲರೂ ಕರೆಯುವುದು ಟೈಲರಕ್ಕ ಎಂದು. ರಿಪೇರಿಯಾದ ವೇಗದ ಕಾರುಗಳನ್ನು ಗಿರಾಕಿಗಳ ಮನೆಗೋ ಕಚೇರಿಗೋ ಮುಟ್ಟಿಸುವುದು, ಕೆಟ್ಟವನ್ನು ತರುವುದು ಅವರ ಕೆಲಸ. ಮಾತಿಗೆ ಸುಲಭ. ಆದರೆ ವರ್ಕ್‌ಶಾಪಿಗೂ ಪೇಟೆಗೂ ನಡುವೆ ಇರುವ ಒಂಬತ್ತು ಕಿಲೋಮೀಟರಿಗೆ ಬೆಳಗಿನ ಹೊತ್ತು ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಹದಿನಾಲ್ಕು ಸಿಗ್ನಲ್ಲು, ಒಂದು ಏರು ಸೇತುವೆ. ಹಾರಲೆಂದೇ ಮಾಡಿದ ಯಂತ್ರವನ್ನು ಅಷ್ಟುದ್ದಕ್ಕೂ ಅಂಬೆಗಾಲಿಡಿಸಿಕೊಂಡು ಹೋಗಬೇಕು. ಅದೂ ಮುಗ್ಗರಿಸದ ಹಾಗೆ, ಕ್ಲಚ್ಚಿನೊಳಗಿನ ಪ್ಲೇಟು ಸುಡದ ಹಾಗೆ. ವಾರಕ್ಕೆ ಎಂಟೋ ಒಂಬತ್ತೋ ಕಾರು. ಐದೂವರೆ ವರ್ಷದಲ್ಲಿ ಇವರ ಕಾಲಡಿ ಒಂದು ಪ್ಲೇಟೂ ಸುಟ್ಟಿಲ್ಲ.

ಹಾಗಿದ್ದೂ ಈ ಹೊತ್ತು ಟೈಲರಕ್ಕನ ಮುಖ ಬಿಗಿದುಕೊಂಡಿದೆ. ಗಿರಾಕಿಗಳ ಕಾರನ್ನು ರಸ್ತೆಗಿಳಿಸಬಹುದಾದ ಇಬ್ಬರು ಡ್ರೈವರುಗಳ ಹೆಸರು ಪ್ರತಿ ವರ್ಷ ವಿಮೆಯವರಿಗೆ ಹೋಗುತ್ತದೆ. ಈ ವರ್ಷದ ಪಟ್ಟಿ ಹೋಗುವುದು ಇವತ್ತು ಸಂಜೆ. ಮೊದಲ ಹೆಸರು ಹಳೆಯ ಡ್ರೈವರದು, ಅದರಲ್ಲಿ ಬದಲಿಲ್ಲ. ಎರಡನೆಯದು ಟೈಲರಕ್ಕನದು. ಆ ಜಾಗದ ಮೇಲೆ ವರ್ಕ್‌ಶಾಪಿನ ಯಜಮಾನರ ಸೋದರಳಿಯ ಕಣ್ಣಿಟ್ಟು ಕೂತಿದ್ದಾನೆ. ಸಾಲದ್ದಕ್ಕೆ ಬೂದು ಕಾರಿನ ಒಡೆಯರಾದ ಹಲ್ಲಿನ ಡಾಕ್ಟರು ಒಂದು ದೂರು ಕೊಟ್ಟಿದ್ದಾರೆ. ಹದಿನಾಲ್ಕು ತಿಂಗಳಲ್ಲಿ ಎರಡು ಕ್ಲಚ್ ಪ್ಲೇಟು ಸುಟ್ಟಿವೆ, ಸೀಟು ಹೊಲಿಯುವ ಹೆಂಗಸಿನ ಕೈಗೆ ಇಂಥ ಕಾರು ಕೊಟ್ಟರೆ ಇನ್ನೇನಾದೀತು ಎಂದು. ಯಜಮಾನರು ಯೋಚಿಸಿ ಒಂದು ದಾರಿ ಹುಡುಕಿದ್ದಾರೆ. ಇವತ್ತು ಡಾಕ್ಟರು ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಾರೆ. ಸುಟ್ಟ ವಾಸನೆ ಬಂದರೆ ಟೈಲರಕ್ಕನ ಹೆಸರು ಪಟ್ಟಿಯಿಂದ ಹೋಗುತ್ತದೆ, ಅವರು ಹಿಂದಿನ ಕೋಣೆಗೆ, ಹೊಲಿಗೆ ಯಂತ್ರದ ಮುಂದಕ್ಕೆ.

ಹೊಲಿಗೆ ಅವರಿಗೆ ಹೊಸದಲ್ಲ. ಇಪ್ಪತ್ತೆರಡು ವರ್ಷ ಗಾರ್ಮೆಂಟ್ಸ್‌ನಲ್ಲಿ ಷರ್ಟಿನ ಕಾಲರು ಹೊಲಿದವರು. ಅಲ್ಲಿನ ಯಂತ್ರ ನಿಮಿಷಕ್ಕೆ ಐದು ಸಾವಿರ ಹೊಲಿಗೆ ಹಾಕುತ್ತದೆ. ಅದರ ಮೋಟಾರು ಬೆಳಗಿನಿಂದ ಸಂಜೆಯವರೆಗೆ ಸುತ್ತುತ್ತಲೇ ಇರುತ್ತದೆ. ಕಾಲಡಿಯ ಪೆಡಲ್ ಒತ್ತಿದಾಗ ಮಾತ್ರ ಒಳಗಿನ ಕ್ಲಚ್ಚು ಕೂಡಿಕೊಂಡು ಸೂಜಿ ಏಳುತ್ತದೆ. ಪೂರ್ತಿ ಒತ್ತಿದರೆ ಬಟ್ಟೆ ಕೈಬಿಟ್ಟು ಓಡುತ್ತದೆ. ಕಾಲರಿನ ಮೂಲೆಯಲ್ಲಿ ಒಂದೊಂದೇ ಹೊಲಿಗೆ ಹಾಕಬೇಕಾದಾಗ ಪೆಡಲನ್ನು ಅರ್ಧಕ್ಕೆ ಹಿಡಿದು ಕ್ಲಚ್ಚನ್ನು ಜಾರಿಸುತ್ತ ಜಾರಿಸುತ್ತ ಸಾಗಬೇಕು. ಆ ವಿದ್ಯೆಯಲ್ಲಿ ಇಡೀ ಸಾಲಿನಲ್ಲೇ ಇವರು ಸೈ ಎನಿಸಿಕೊಂಡಿದ್ದರು.

ಕಾರ್ಖಾನೆ ಬಾಗಿಲು ಹಾಕಿತು. ಎಂಟು ವರ್ಷದ ಹಿಂದೆ ಸೀಟಿನ ಕವರು ಹೊಲಿಯಲು ಇಲ್ಲಿಗೆ ಬಂದರು. ಅಂಗಳದಲ್ಲಿ ಕಾರುಗಳನ್ನು ಹಿಂದೆ ಮುಂದೆ ಸರಿಸುವ ಕೆಲಸ ತಾನಾಗಿ ಮೈಮೇಲೆ ಬಂತು. ಲೈಸೆನ್ಸೂ ಆಯಿತು. ಲಿಫ್ಟ್ ನಡೆಸುವ ಕೆಲಸದ ಗಂಡ, ತಾನು ಜೀವಮಾನವೆಲ್ಲ ಮೇಲೆ ಕೆಳಗೆ ಹೋದದ್ದೇ ಆಯಿತು, ಮನೆಯಲ್ಲಿ ಒಬ್ಬರಾದರೂ ಮುಂದಕ್ಕೆ ಹೋಗಲಿ ಎಂದು ನಕ್ಕರಂತೆ. ಒಂದು ದಿನ ಹಳೆಯ ಡ್ರೈವರಿಗೆ ಜ್ವರ ಬಂದಾಗ ವರ್ಕ್‌ಶಾಪಿನ ಯಜಮಾನರು ನೀಲಿ ಕಾರೊಂದನ್ನು ಇವರ ಕೈಗೆ ಕೊಟ್ಟರು. ಟೈಲರಕ್ಕ ಹೆದರಲಿಲ್ಲ. ಎಂಜಿನ್ ಸುತ್ತುತ್ತಲೇ ಇರುತ್ತದೆ, ಕಾಲು ಬಿಟ್ಟಾಗ ಕೂಡಿಕೊಳ್ಳುತ್ತದೆ, ತನಗೆ ಗೊತ್ತಿಲ್ಲದ್ದೇನಿದೆ ಎಂದುಕೊಂಡರು. ದಾರಿಯುದ್ದಕ್ಕೂ ಕ್ಲಚ್ಚನ್ನು ಅರ್ಧಕ್ಕೆ ಹಿಡಿದು, ಕಾಲರಿನ ಮೂಲೆ ತಿರುಗಿಸಿದಷ್ಟು ನಾಜೂಕಾಗಿ ಕಾರನ್ನು ಜಾರಿಸಿಕೊಂಡು ಹೋದರು. ಒಂದು ಕುಲುಕು ಇಲ್ಲ. ಏಳನೇ ಸಿಗ್ನಲ್ಲಿಗೆ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತಂಥ ವಾಸನೆ. ಒಂಬತ್ತನೆಯದರಲ್ಲಿ ಕಾರು ನಿಂತೇ ಹೋಯಿತು.

ಗೇರುಪೆಟ್ಟಿಗೆ ಇಳಿಸಿ, ಕರಕಲಾದ ಪ್ಲೇಟನ್ನು ಕೈಗಿತ್ತ ಮೇಸ್ತ್ರಿ ಬೈಯಲಿಲ್ಲ. "ಅಕ್ಕ, ಅಲ್ಲಿ ಜಾರಿಸಿದ್ರೆ ಬಟ್ಟೆ ಉಳಿಯುತ್ತೆ. ಇಲ್ಲಿ ಜಾರಿಸಿದ್ರೆ ಪ್ಲೇಟು ಸುಡುತ್ತೆ. ನಿಮ್ಮ ಕಾಲಿಗೆ ಗೊತ್ತಿರೋದು ಜಾಸ್ತಿಯಾಯ್ತು" ಎಂದರು.

ಯಜಮಾನರು ಮತ್ತೆ ಹೊಲಿಗೆಗೆ ಕೂರಿಸಿದರು. ಒಂದೂವರೆ ವರ್ಷ. ಊಟದ ಬಿಡುವಿನಲ್ಲಿ ಎಲ್ಲರೂ ಕಾಲು ಚಾಚಿದಾಗ ಟೈಲರಕ್ಕ ಅಂಗಳದ ಮೂಲೆಯ ಹಳೆಯ ವ್ಯಾನು ಹತ್ತುತ್ತಿದ್ದರು. ಕಾಲು ಕಲಿತದ್ದನ್ನು ಕಾಲಿನಿಂದಲೇ ಮರೆಸಬೇಕಾಗಿತ್ತು. ಕಚ್ಚುವ ಜಾಗ ದಾಟಿದ ಮೇಲೆ ಪಾದವನ್ನು ಪೂರ್ತಿ ಎತ್ತಿ ನೆಲಕ್ಕಿಡು, ಎತ್ತು, ಇಡು, ದಿನಕ್ಕೆ ನೂರು ಸಲ. ಅಕ್ಕನ ವ್ಯಾನು ಯಾವ ಊರು ಮುಟ್ಟಿತು ಎಂದು ಹುಡುಗರು ರೇಗಿಸಿದರೆ, ಇನ್ನೂ ಗೇಟು ದಾಟಿಲ್ಲ ಕಣ್ರೋ, ಕೈಬೀಸಬೇಡಿ ಎನ್ನುತ್ತಿದ್ದರು. ಹಟ ಬಿಡಲಿಲ್ಲ. ಕೊನೆಗೆ ಮೇಸ್ತ್ರಿಯೇ ಯಜಮಾನರ ಬಳಿ ಹೋಗಿ, ಇನ್ನು ಕಾರು ಕೊಡಿ ಎಂದರು.

ಏಳೂವರೆಗೆ ಹಲ್ಲಿನ ಡಾಕ್ಟರು ಬರುತ್ತಾರೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮುಖ ಗಂಟಿಕ್ಕಿಕೊಂಡು ಪಕ್ಕದಲ್ಲಿ ಕೂರುತ್ತಾರೆ. ಬೂದು ಕಾರು ಗೇಟು ದಾಟಿ ಮುಖ್ಯರಸ್ತೆಯ ಸಾಲಿಗೆ ಸೇರುತ್ತದೆ.

ಟೈಲರಕ್ಕ ಮುಂದಿನ ವಾಹನದ ಬೆನ್ನು ನೋಡುವುದಿಲ್ಲ. ಅದರ ಗಾಜಿನೊಳಗಿಂದ ಅದರಾಚೆಯದನ್ನು, ಅದರಾಚೆಯ ಬಸ್ಸಿನ ಕೆಂಪು ದೀಪವನ್ನು ನೋಡುತ್ತಾರೆ. ಮುಂದಿನವರು ಸರಿದ ಕೂಡಲೇ ಇವರು ಸರಿಯುವುದಿಲ್ಲ. ಮೂರು ಕಾರಿನುದ್ದ ಜಾಗ ಬಿಡುವವರೆಗೆ ಸುಮ್ಮನಿದ್ದು, ಮೊದಲ ಗೇರಿನಲ್ಲಿ ಪಾದ ಪೂರ್ತಿ ಎತ್ತಿಬಿಡುತ್ತಾರೆ. ಆಕ್ಸಿಲರೇಟರ್ ಇಲ್ಲದೆ ಕಾರು ತಾನಾಗಿ ಮನುಷ್ಯ ಬಿರುಸಾಗಿ ನಡೆಯುವ ವೇಗದಲ್ಲಿ ಸಾಗುತ್ತದೆ. ಮುಂದಿನವರನ್ನು ಮುಟ್ಟುವಷ್ಟರಲ್ಲಿ ಸಾಲು ಮತ್ತೆ ಸರಿದಿರುತ್ತದೆ, ಎಷ್ಟೋ ಸಲ ನಿಲ್ಲುವ ಪ್ರಮೇಯವೇ ಬರುವುದಿಲ್ಲ. ನಿಲ್ಲಲೇಬೇಕಾದರೆ ಕೊನೆಯ ಗೇಣಿನಲ್ಲಿ ಬ್ರೇಕನ್ನು ತುಸು ಸಡಿಲಿಸುತ್ತಾರೆ. ಕೂತವರ ತಲೆ ಮುಂದಕ್ಕೆ ಬಾಗುವುದಿಲ್ಲ. ಕ್ಲಚ್ ಎಷ್ಟು ಸಲ ಒತ್ತಿದೆ ಎಂದು ಹಿಂದೆ ಕಾಲರು ಎಣಿಸಿದ ಹಾಗೆ ಮನಸ್ಸಿನಲ್ಲೇ ಎಣಿಸುತ್ತಾರೆ. ಶುರುವಿನ ವರ್ಷ ಈ ದಾರಿಗೆ ನಾನೂರು ದಾಟುತ್ತಿತ್ತು. ಈಗ ನೂರೈವತ್ತು ಮುಟ್ಟಿದರೆ ಅವತ್ತು ಅವರಿಗೆ ಸಮಾಧಾನವಿಲ್ಲ.

ಬಿಟ್ಟ ಜಾಗಕ್ಕೆ ಒಂದು ಆಟೋ ನುಗ್ಗುತ್ತದೆ, ಎರಡು ಬೈಕು, ಹಾಲಿನ ಗಾಡಿ. ಡಾಕ್ಟರು ತಾವೂ ಎಣಿಸುತ್ತಿದ್ದಾರೆ. ಐದನೇ ಸಿಗ್ನಲ್ಲಿನಲ್ಲಿ ತಡೆಯಲಾರದೆ, "ಹದಿನೇಳು ಗಾಡಿ ಮುಂದೆ ಬಿಟ್ರಿ. ಹೀಗಾದ್ರೆ ನಾವು ಮುಟ್ಟೋದು ಯಾವಾಗಮ್ಮಾ?" ಎನ್ನುತ್ತಾರೆ.

"ಹದಿನೇಳೂ ಎಲ್ಲಿವೆ ನೋಡಿ ಸಾರ್."

ಎಲ್ಲವೂ ಅದೇ ಕೆಂಪು ದೀಪದ ಮುಂದೆ ನಿಂತಿವೆ. ಹಾಲಿನ ಗಾಡಿಯವನು ಕಿಟಕಿಗೆ ಮೊಣಕೈ ಕೊಟ್ಟು ಆಕಳಿಸುತ್ತಿದ್ದಾನೆ.

ಕಷ್ಟವಿರುವುದು ಏರು ಸೇತುವೆಯಲ್ಲಿ. ಅಲ್ಲಿ ಸಾಲು ಇಂಚಿಂಚೇ ಹತ್ತುತ್ತದೆ. ಹೆಚ್ಚಿನವರು ಕಾರು ಹಿಂದೆ ಜಾರದಂತೆ ಹಾಫ್ ಕ್ಲಚ್ಚಿನಲ್ಲೇ ತಡೆದು ಹಿಡಿಯುತ್ತಾರೆ, ಪ್ಲೇಟು ಸುಡುವುದು ಅಲ್ಲೇ. ಟೈಲರಕ್ಕ ಪ್ರತಿ ಸಲವೂ ಹ್ಯಾಂಡ್‌ಬ್ರೇಕ್ ಎಳೆದು, ಗೇರು ಬಿಡಿಸಿ, ಎಡಗಾಲನ್ನು ಪಕ್ಕಕ್ಕಿಟ್ಟು ಕೂರುತ್ತಾರೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹಾರ್ನಿನಿಂದ ಯಾವ ಪ್ಲೇಟೂ ಸುಟ್ಟಿದ್ದಿಲ್ಲ ಎನ್ನುವುದು ಅವರ ಲೆಕ್ಕಾಚಾರ.

ಹಾಗೆ ಕೂತಾಗ ಪಕ್ಕದ ಸೀಟಿನ ಕೆಳಗೆ ಅವರ ಕಣ್ಣು ಹೋಗುತ್ತದೆ. ಡಾಕ್ಟರ ಎಡಗಾಲಿನ ಹಿಮ್ಮಡಿ ಮೇಲೆದ್ದಿದೆ. ಬೆರಳುಗಳು ಮ್ಯಾಟನ್ನು ಅರ್ಧಂಬರ್ಧ ಒತ್ತಿ ಹಿಡಿದಿವೆ. ಮೀನಖಂಡ ಸಣ್ಣಗೆ ನಡುಗುತ್ತಿದೆ. ಸಾಲು ಸರಿದರೂ ಆ ಕಾಲು ಬಿಡುವುದಿಲ್ಲ, ನಿಂತರೂ ಬಿಡುವುದಿಲ್ಲ.

ಟೈಲರಕ್ಕನಿಗೆ ಎಲ್ಲ ಅರ್ಥವಾಗುತ್ತದೆ. ಹೇಳಿದರೆ ಗಿರಾಕಿಗೆ ಮುಖಭಂಗ, ಸಂಜೆಯ ಪಟ್ಟಿ ಡಾಕ್ಟರ ಒಂದು ಮಾತಿನಲ್ಲಿದೆ. ಹೇಳದಿದ್ದರೆ ಮೂರನೆಯ ಪ್ಲೇಟೂ ಹೋಗುತ್ತದೆ, ಅದೂ ತನ್ನ ತಲೆಗೇ ಬರುತ್ತದೆ. ಇನ್ನೆರಡು ಸಲ ಹ್ಯಾಂಡ್‌ಬ್ರೇಕ್ ಎಳೆದು ಬಿಡುತ್ತಾರೆ. ಆಮೇಲೆ ಗಟ್ಟಿ ಮನಸ್ಸು ಮಾಡುತ್ತಾರೆ.

"ಸಾರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಎಡಗಾಲು ಒಂದ್ಸಲ ನೋಡ್ಕೊಳ್ಳಿ."

ಡಾಕ್ಟರು ಬಗ್ಗಿ ನೋಡುತ್ತಾರೆ.

"ವರ್ಕ್‌ಶಾಪ್ ಬಿಟ್ಟಾಗಿಂದ ನೀವು ಕ್ಲಚ್ ಬಿಟ್ಟೇ ಇಲ್ಲ. ಇಲ್ಲಿ ಪೆಡಲ್ ಇಲ್ಲ, ಅದಕ್ಕೆ ಪ್ಲೇಟು ಬದುಕ್ಕೊಂಡಿದೆ."

ಸೇತುವೆಯ ಇಳಿಜಾರಿನಲ್ಲಿ ಡಾಕ್ಟರು ತಮ್ಮಷ್ಟಕ್ಕೆ ಎಂಬಂತೆ ಬಾಯಿ ಬಿಡುತ್ತಾರೆ. ಕ್ಲಿನಿಕ್ಕಿನಲ್ಲಿ ಹಲ್ಲು ಕೊರೆಯುವ ಯಂತ್ರದ ಪೆಡಲ್ ಇರುವುದೂ ಎಡಗಾಲಿನ ಕೆಳಗೇ, ಹತ್ತೊಂಬತ್ತು ವರ್ಷದಿಂದ ಆ ಕಾಲು ಅದರ ಮೇಲೆಯೇ ಅರ್ಧ ಒತ್ತಿಕೊಂಡು ಕೂತಿರುತ್ತದೆ ಎನ್ನುತ್ತಾರೆ. ಟೈಲರಕ್ಕ ನೀಲಿ ಕಾರಿನ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಹೊಲಿಗೆಯ ಕಾಲನ್ನು ಬಿಡಿಸಲು ಒಂದೂವರೆ ವರ್ಷ ಬೇಕಾಯಿತು ಎಂದದ್ದಕ್ಕೆ, ಕೊರೆಯುವ ಕಾಲಿಗೆ ಎಷ್ಟು ಬೇಕಾದೀತು ಎಂದು ಡಾಕ್ಟರು ಕೇಳುತ್ತಾರೆ. ಅಂಗಳದಲ್ಲಿ ಹಳೆಯ ವ್ಯಾನು ಇನ್ನೂ ಇದೆ, ಊಟದ ಬಿಡುವಿನಲ್ಲಿ ಬಂದರಾಯಿತು ಎಂದು ಇವರ ಉತ್ತರ.

ಕ್ಲಿನಿಕ್ಕಿನ ಮುಂದೆ ಇಳಿದ ಡಾಕ್ಟರು ಸೂಟು ಕೊಳೆಯಾಗುವುದನ್ನೂ ಲೆಕ್ಕಿಸದೆ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಮೂಗು ಚಾಚುತ್ತಾರೆ. ಬಿಸಿ ಎಣ್ಣೆಯ ಸಾದಾ ವಾಸನೆ, ಬೇರೇನೂ ಇಲ್ಲ. ಎದ್ದು ಅಲ್ಲೇ ನಿಂತು ಯಜಮಾನರಿಗೆ ಫೋನು ಮಾಡುತ್ತಾರೆ. ಹೊಗಳಿಕೆಯ ಒಂದು ಮಾತೂ ಇಲ್ಲ. "ಸುಟ್ಟಿದ್ದು ನಾನೇ. ಮುಂದಿನ ಸಲಾನೂ ಆಯಮ್ಮನ್ನೇ ಕಳಿಸಿ" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿ ಹೋಗುತ್ತಾರೆ.

ಸಂಜೆ ಐದಕ್ಕೆ ಪಟ್ಟಿ ಹೋಗುತ್ತದೆ. ಎರಡನೇ ಹೆಸರು ಬದಲಾಗಿಲ್ಲ. ಸೋದರಳಿಯನಿಗೆ ಯಜಮಾನರು ತೋರಿಸಿದ್ದು ಹಳೆಯ ವ್ಯಾನಿನ ಬಾಗಿಲು. ದಾರಿಯಲ್ಲಿ ಎಷ್ಟು ಸಲ ಒತ್ತಿದಿರಿ ಎಂದು ಮೇಸ್ತ್ರಿ ಕೇಳಿದರೆ ಟೈಲರಕ್ಕ ನಾಲಗೆ ಕಚ್ಚಿಕೊಳ್ಳುತ್ತಾರೆ. ಸೇತುವೆಯಲ್ಲಿ ಎಣಿಕೆ ತಪ್ಪಿತ್ತು.

ಇನ್ನು ಏನು ಬೇಕು ಎಂದು ಕೇಳಿದರೆ ಅವರು ಇನ್ನೂ ವೇಗದ ಹಳದಿ ಕಾರನ್ನೋ ಕೆಂಪು ಕಾರನ್ನೋ ಹೇಳುವುದಿಲ್ಲ. ಖಾಲಿ ರಸ್ತೆಯ ಆಸೆಯೂ ಅವರಿಗಿಲ್ಲ. ಪಟ್ಟಿಯಲ್ಲಿ ಹೆಸರಿದ್ದವರು ಭಾನುವಾರ ವರ್ಕ್‌ಶಾಪಿನ ಮಾಮೂಲಿ ಕಾರನ್ನು ಸ್ವಂತಕ್ಕೆ ಒಯ್ಯಬಹುದು. ಐದೂವರೆ ವರ್ಷದಲ್ಲಿ ಒಮ್ಮೆಯೂ ಅದನ್ನು ಕೇಳಿದವರಲ್ಲ. ಈಗ ಕೇಳಿದ್ದಾರೆ. ಮನೆಯಲ್ಲಿ ಎಪ್ಪತ್ತೆಂಟರ ಅತ್ತೆ ಇದ್ದಾರೆ. ಯಾವ ವಾಹನ ಹತ್ತಿದರೂ ಎರಡನೇ ಸಿಗ್ನಲ್ಲಿಗೆ ವಾಂತಿ, ಹಾಗಾಗಿ ಹತ್ತೊಂಬತ್ತು ವರ್ಷದಿಂದ ಕಾಲ್ನಡಿಗೆ ಮುಟ್ಟದ ಜಾಗಕ್ಕೆ ಹೋಗಿಲ್ಲ. ಅವರ ತಂಗಿ ಇರುವುದು ಸೇತುವೆಯ ಆಚೆ. ಆಕೆಗೀಗ ಮಂಡಿ ಹಿಡಿದು ಬರಲಾಗುತ್ತಿಲ್ಲ. ಅಕ್ಕತಂಗಿ ಫೋನಿನಲ್ಲೇ ಜಗಳವಾಡಿ ಫೋನಿನಲ್ಲೇ ರಾಜಿಯಾಗುತ್ತಾರೆ. ಸೊಸೆಯ ಡ್ರೈವಿಂಗ್ ಬಗ್ಗೆ ಯಾರು ಏನೇ ಹೇಳಲಿ ಅತ್ತೆ ಮೂಗು ಮುರಿಯುವುದೇ. ಭಾನುವಾರಕ್ಕೆ ಅಂತೂ ಹೂಂ ಎಂದಿದ್ದಾರೆ, ಒಂದು ಪ್ಲಾಸ್ಟಿಕ್ ಕವರು ಕೈಯಲ್ಲಿರಬೇಕು ಎಂಬ ಕರಾರಿನ ಮೇಲೆ.

"ಹಿಡ್ಕೊಂಡೇ ಕೂತ್ಕೊಳ್ಳಲಿ, ನಾನೇನೂ ಬೇಡ ಅನ್ನಲ್ಲ" ಎನ್ನುತ್ತಾರೆ ಟೈಲರಕ್ಕ, ಎಡಗಾಲಿನ ಶೂ ಬಿಚ್ಚಿ ಬೆರಳು ಒತ್ತಿಕೊಳ್ಳುತ್ತ. "ಅವರ ತಂಗಿ ಮನೆ ಬಾಗಿಲಲ್ಲಿ ಇಳಿಯೋವಾಗ ಆ ಕವರು ಮಡಚಿದ್ದು ಮಡಚಿದ ಹಾಗೇ ಇದ್ರೆ ಸಾಕು."