ಭಾವನನ್ನು ಹೊರಗೆ ಕೂರಿಸಿದ ಸಿಸ್ಟರ್

ಸಿಸ್ಟರ್ ಅವರ ಬಲಗೈ ಹೆಬ್ಬೆರಳು ಚಪ್ಪಟೆ, ಉಗುರು ನಡುವೆ ಸೀಳಿತ್ತು. ಅದನ್ನು ನನ್ನ ಊದಿದ ಕಣಕಾಲಿನ ಮೇಲೆ ಒತ್ತಿ ತೆಗೆದರೆ ಕಲಸಿದ ಹಿಟ್ಟಿನಲ್ಲಿ ಬಿದ್ದ ಹಾಗೆ ಕುಳಿ ಬೀಳುತ್ತಿತ್ತು. ಕುಳಿ ತುಂಬುವವರೆಗೂ ಅವರು ನೋಡುತ್ತ ಕೂರುತ್ತಿದ್ದರು.

ನನ್ನ ಹೃದಯದ ಪಂಪಿಂಗ್ ಕಮ್ಮಿ. ಕೊಪ್ಪದ ಒಂದು ಖಾಸಗಿ ಆಸ್ಪತ್ರೆಗೆ ನನ್ನನ್ನು ಸೇರಿಸಿದವನು ಭಾವ, ತೀರಿಹೋದ ನನ್ನ ಗಂಡನ ಅಣ್ಣ. ಪ್ರೀತಿಯಿಂದ ಅಂದುಕೊಳ್ಳಬೇಡಿ. ಬಾಳಗಡಿಯಲ್ಲಿ ನನ್ನ ಹೊಲಿಗೆ ಅಂಗಡಿಯಿರುವ ಕೋಣೆ ಅವನ ಮಗನ ಮೊಬೈಲ್ ಅಂಗಡಿಗೆ ಬೇಕಿತ್ತು. ಆ ಅಂಗಡಿಯೇ ನನ್ನ ಅನ್ನ. "ಇವಳು ಇನ್ನು ಮಲಗಿದಲ್ಲೇ, ಅಂಗಡಿ ಮುಚ್ಚಿಸ್ತೀವಿ" ಎಂದು ಡಾಕ್ಟರಿಗೂ ಹೇಳಿಬಿಟ್ಟ. ನನ್ನನ್ನು ಏನು ಕೇಳಿದರೂ ಉತ್ತರ ಅವನದು.

"ದಮ್ಮು ಕಟ್ಟೋದು ನಿಮಗಾ, ಅವರಿಗಾ? ಸ್ವಲ್ಪ ಹೊರಗೆ ಕೂತ್ಕೊಳ್ಳಿ" ಎಂದರು ವಾರ್ಡಿನ ಸಿಸ್ಟರ್. ಭಾವನನ್ನು ಹಾಗೆ ಎಬ್ಬಿಸಿದವರು ಊರಲ್ಲೇ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ಈಗ ಹೇಳಿ ಮಾರಾಯ್ತಿ, ನಿಮಗೆ ಎಂತ ಬೇಕು?"

"ಮಿಷನ್ ಮೇಲೆ ಕೂರ್ಬೇಕು."

"ಹಂಗಾದ್ರೆ ಕೂರೋ ಹಂಗೇ ಮಾಡಣ."

ಮಾಡಿದರು. ಕಾಲಲ್ಲಿ ತುಳಿಯುವ ಮಿಷನ್ನಿಗೆ ಮೋಟಾರ್ ಹಾಕಿಸಿದರು. ದಿನದ ನೀರಿಗೆ ಒಂದೇ ಬಾಟಲಿ. ಉಪ್ಪಿನಕಾಯಿ ಭರಣಿ ಪಕ್ಕದ ಮನೆಗೆ ಹೋಯಿತು. ಮೂತ್ರ ಹೋಗುವ ಮಾತ್ರೆ ನುಂಗಿದರೆ ಗಿರಾಕಿಗಳ ಎದುರು ಎದ್ದೆದ್ದು ಓಡಬೇಕಲ್ಲ ಅಂತ ನಾನದನ್ನು ತಪ್ಪಿಸುತ್ತಿದ್ದೆ. ಗೊತ್ತಾದಾಗ ಬೈಯಲಿಲ್ಲ. ಡಾಕ್ಟರನ್ನು ಕೇಳಿ, ಅಂಗಡಿ ತೆರೆಯುವ ಮುಂಚೆಯೇ ಅದರ ಕಾಟ ಮುಗಿಯುವ ಹಾಗೆ ಹೊತ್ತು ಬದಲಿಸಿಕೊಟ್ಟರು.

ಅಂಗಡಿ ನಿಲ್ಲದೆ ನಡೆಯಿತು, ಭಾವನ ಹೊಟ್ಟೆ ಉರಿಯಿತು. ಈ ನರ್ಸು ಮನೆ ಒಡೀತಾಳೆ ಎಂದು ಆಸ್ಪತ್ರೆಯವರಿಗೆ ಚಾಡಿ ಹೇಳಿದ. ಸಿಸ್ಟರ್ ಕೈಯಲ್ಲಿ ಎಲ್ಲರೆದುರು ಕ್ಷಮೆ ಕೇಳಿಸಿದ, ಕೇಳಿಸಿದ ಮೇಲೂ ಕೆಲಸದಿಂದ ತೆಗೆಸಿದ. ಪಾಪಿ!

ಅವರು ನರಸಿಂಹರಾಜಪುರದಲ್ಲಿ ಕೆಲಸ ಹಿಡಿದರು. ರಜೆ ಸಿಕ್ಕಾಗ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದು ಕಾಲು ಒತ್ತಿ ನೋಡುತ್ತಿದ್ದರು. "ಅವನಿಗೊಂದು ಗತಿ ಕಾಣಿಸ್ತೀನಿ ಸಿಸ್ಟರ್" ಎಂದರೆ ನಗುತ್ತಿದ್ದರು. "ಕಾಣ್ಸೀರಂತೆ. ಮೊದ್ಲು ಕಾಲು ಸ್ಟೂಲ್ ಮೇಲಿಡಿ."

ಕಳೆದ ಮಳೆಗಾಲದಲ್ಲಿ ಕಾಮಾಲೆಯಾಗಿ ಸಿಸ್ಟರ್ ತೀರಿಕೊಂಡರು. ಹರಿಹರಪುರದ ಅವರ ಮನೆಗೆ ನಾನು ಹೋದ ಸ್ವಲ್ಪ ಹೊತ್ತಿಗೆ ಭಾವನೂ ಬಂದ. ಕೈಯಲ್ಲಿ ದೊಡ್ಡ ಹಾರ, ಫೋಟೊ ತೆಗೆಯಲು ಜೊತೆಗೊಬ್ಬ. ಪಂಚಾಯಿತಿ ಚುನಾವಣೆಗೆ ನಿಲ್ಲುವ ತಯಾರಿಯಲ್ಲಿದ್ದ. "ನಮ್ಮ ಮನೆಯವಳನ್ನ ಉಳಿಸಿದ ತಾಯಿ" ಎಂದು ಶುರು ಮಾಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಮೆಟ್ಟಿಲಿಗೆ ಅಡ್ಡ ನಿಂತೆ.

"ಈ ತಾಯಿನ ಕೆಲಸದಿಂದ ತೆಗೆಸಿದ್ದು ಯಾರು ಭಾವ? ಎಲ್ಲರ ಎದುರು ಹೇಳಿ. ಆಮೇಲೆ ಹಾರ ಹಾಕಿ."

"ಸಾವಿನ ಮನೇಲಿ ಎಂತ ಜಗಳ ಇದು?"

"ಹೇಳಿ."

ಅಂಗಳದಲ್ಲಿದ್ದವರೆಲ್ಲ ಅವನ ಮುಖವನ್ನೇ ನೋಡಿದರು. ಅವನು ಹಾರವನ್ನು ಪ್ಲಾಸ್ಟಿಕ್ ಕವರಿಗೆ ತುರುಕಿಕೊಂಡು ಜೀಪು ಹತ್ತಿದ.

ಅಷ್ಟು ಹೊತ್ತು ನಿಂತು ಅಷ್ಟು ಮಾತಾಡಲು ನನಗೆ ಉಸಿರಿತ್ತಲ್ಲ, ಅದು ಸಿಸ್ಟರ್ ಕೊಟ್ಟದ್ದು. ಇನ್ನೂ ಇದೆ. ಚುನಾವಣೆ ಬರಲಿ, ಮನೆ ಮನೆಗೆ ನಡೆದು ಹೋಗಿ ಹೇಳುತ್ತೇನೆ.