ಮರಿಯಪ್ಪನವರ ಕಾಂಪ್ಲೆಕ್ಸ್ ಮತ್ತು ಮಗಳ ರುಜು

2024ರ ಲೋಕಸಭಾ ಚುನಾವಣೆಯ ಕಾವು ಏರಿದ್ದಾಗ ನಾನು ಹಾಸನದಲ್ಲಿ ಆಡಿಟರ್ ಕೆಲಸ ಶುರು ಮಾಡಿ ಇಪ್ಪತ್ತೆರಡು ವರ್ಷ ತುಂಬಿತ್ತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಜಮೀನುದಾರರು, ಮಂಡಿ ಮಾಲೀಕರೇ ಹೆಚ್ಚಾಗಿ ನನ್ನ ಕ್ಲೈಂಟುಗಳು. ಸತ್ತವರ ಆಸ್ತಿಗೆ ತೆರಿಗೆ ಬರುತ್ತದಂತೆ ಎಂದು ಆ ಬೇಸಿಗೆಯಲ್ಲಿ ಟೀವಿಯವರು ಬಾಯಿ ಬಡಿದುಕೊಂಡಿದ್ದೇ ಬಡಿದುಕೊಂಡಿದ್ದು. ಅಂಥ ತೆರಿಗೆ ಒಂದು ಕಾಲದಲ್ಲಿ ಇತ್ತು, 1985ರಲ್ಲೇ ಹೋಯಿತು, ಮತ್ತೆ ಬಂದಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿಹೋಯಿತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದುಡ್ಡಿದ್ದವರಿಗೆ ಹೆದರಿಕೆ ಬೇಕಿರುತ್ತದೆ. ಹೆದರಿಕೆಯ ಹೆಸರಿನಲ್ಲಿ ಮೊದಲೇ ಮಾಡಬೇಕೆಂದಿದ್ದ ಕೆಲಸ ಮಾಡಿ ಮುಗಿಸಬಹುದಲ್ಲ.

ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಮರಿಯಪ್ಪನವರು ತಮ್ಮ ದೊಡ್ಡ ಮಗ ಲೋಕೇಶನ ಜೊತೆ ಬಂದದ್ದು ಆಗಲೇ. ಅವರಿಗೆ ಹಾಸನದಲ್ಲಿ ಎಂಟು ಮಳಿಗೆಯ ಒಂದು ಕಾಂಪ್ಲೆಕ್ಸ್ ಇತ್ತು. "ಮೇಡಂ, ಸತ್ತೋರ ಆಸ್ತಿಗೆ ಟ್ಯಾಕ್ಸ್ ಬತ್ತದಂತೆ. ನಾನು ಕಣ್ಣು ಮುಚ್ಚೋಕೆ ಮುಂಚೆ ಎಲ್ಲಾನೂ ಉಡುಗ್ರ ಎಸರಿಗೆ ಮಾಡ್ಕೊಟ್ಬುಡಿ" ಅಂದರು. ಉಡುಗರು ಅಂದರೆ ಲೋಕೇಶ ಮತ್ತು ಅವನ ತಮ್ಮ. ಅರಕಲಗೂಡಿಗೆ ಕೊಟ್ಟಿದ್ದ, ಅವರಿಬ್ಬರಿಗೂ ಅಕ್ಕನಾದ ಒಬ್ಬಳೇ ಮಗಳು ಸುಮಿತ್ರಳ ಹೆಸರು ಆ ಮಾತಿನಲ್ಲಿ ಬರಲೇ ಇಲ್ಲ.

ತೊಡಕು ಇದ್ದದ್ದು ಅವರೇ ಮಾಡಿಕೊಂಡ ಒಂದು ಜಾಣತನದಲ್ಲಿ. ಪಿತ್ರಾರ್ಜಿತ ತೋಟ ಮಾರಿದ ಹಣದಲ್ಲಿ ಕಾಂಪ್ಲೆಕ್ಸ್ ಕಟ್ಟಿಸಿದ್ದರು. ಅದರ ಬಾಡಿಗೆಯನ್ನು ತಮ್ಮ ಆದಾಯವೆಂದು ತೋರಿಸಿದರೆ ತೆರಿಗೆ ಜಾಸ್ತಿ ಎಂದು ಎಚ್‌ಯುಎಫ್, ಅಂದರೆ ಹಿಂದೂ ಅವಿಭಕ್ತ ಕುಟುಂಬದ ಲೆಕ್ಕಕ್ಕೆ ಹಾಕಿಸಿದ್ದರು. ಆದಾಯ ತೆರಿಗೆ ಇಲಾಖೆ ಇಂಥ ಕುಟುಂಬವನ್ನು ಬೇರೆಯೇ ಒಬ್ಬ ವ್ಯಕ್ತಿಯೆಂದು ನೋಡುತ್ತದೆ. ಹಾಗಾಗಿ ಅದಕ್ಕೆ ಅದರದೇ ವಿನಾಯಿತಿ ಸಿಗುತ್ತದೆ. ಕಾನೂನಿನ ಪ್ರಕಾರ ಸರಿಯೇ. ಆದರೆ 2005ರ ತಿದ್ದುಪಡಿಯಾದ ಮೇಲೆ ಆ ಕುಟುಂಬದ ಆಸ್ತಿಯಲ್ಲಿ ಮಗನಿಗೆ ಇರುವಷ್ಟೇ ಹಕ್ಕು ಮಗಳಿಗೂ ಇದೆ. ಇದು ನನ್ನ ಸ್ವಂತದ್ದಲ್ಲ, ಮನೆಯವರೆಲ್ಲರದ್ದು ಎಂದು ವರ್ಷವರ್ಷವೂ ಸರ್ಕಾರಕ್ಕೆ ಬರೆದುಕೊಟ್ಟವರು ಈಗ ಇಬ್ಬರಿಗೆ ಮಾತ್ರ ದಾನಪತ್ರ ಮಾಡಿಸಲು ಹೊರಟಿದ್ದರು.

ಇಷ್ಟನ್ನು ಬಿಡಿಸಿ ಹೇಳಿದೆ. ಲೋಕೇಶ ಕೇಳಿಸಿಕೊಂಡ, ಮುಖ ಗಂಟು ಹಾಕಿಕೊಂಡ.

"ಅಂಗಾರೆ ಅಕ್ಕನ ಕೈಲಿ ಒಂದು ರುಜು ಆಕುಸ್ದ್ರಾಯ್ತು. ಅದೇನ್ ದೊಡ್ಡ ವಿಷ್ಯ" ಅಂದ.

ನಮ್ಮ ಕಡೆ ಅದು ನಿಜವಾಗಿಯೂ ದೊಡ್ಡ ವಿಷಯವಲ್ಲ. ಹೆಣ್ಣುಮಗಳನ್ನು ತವರಿಗೆ ಕರೆಸುತ್ತಾರೆ. ಒಬ್ಬಟ್ಟಿನ ಊಟ ಹಾಕುತ್ತಾರೆ. ಸೀರೆ ಕೊಟ್ಟು, ಅಕ್ಕಿ, ಬೆಲ್ಲ, ಕೊಬ್ಬರಿ ಸೆರಗಿಗೆ ಹಾಕಿ ಮಡಿಲು ತುಂಬುತ್ತಾರೆ. ಆಮೇಲೆ ಕಾರಿನಲ್ಲಿ ಕೂರಿಸಿಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಖುಲಾಸೆ ಪತ್ರಕ್ಕೆ ರುಜು ಹಾಕಿಸುತ್ತಾರೆ. ಅರಿಶಿನ ಕುಂಕುಮಕ್ಕೆ ಬಿಟ್ಟುಕೊಟ್ಟಳು ಎಂದು ಊರೆಲ್ಲ ಹೊಗಳುತ್ತದೆ. ಎಷ್ಟು ಮನೆಗಳಲ್ಲಿ ಈ ಊಟ ಉಂಡಿದ್ದೇನೋ ನನಗೇ ಲೆಕ್ಕವಿಲ್ಲ.

ಸುಮಿತ್ರಳನ್ನು ಹಾಗೆ ತವರಿಗೆ ಕರೆಸಿದ ದಿನ ನನ್ನನ್ನೂ ಮನೆಗೆ ಕರೆಸಿದ್ದರು. ವಕೀಲರು ಬರೆದುಕೊಟ್ಟ ಪತ್ರವನ್ನು ರುಜುವಿಗೆ ಮುಂಚೆ ಸುಮಿತ್ರಳಿಗೆ ಓದಿ ಹೇಳಬೇಕು ಎಂಬುದು ನನ್ನ ಷರತ್ತು. ಸುಮಿತ್ರ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಟೀಚರ್, ವಯಸ್ಸು ನಲವತ್ತರ ಮೇಲೆ. ನಗುನಗುತ್ತಲೇ ಬಂದಿದ್ದಳು. ಊಟಕ್ಕೆ ಕೂತಾಗ ತಮ್ಮನ ಎಲೆಗೆ ತಾನೇ ತುಪ್ಪ ಹಾಕಿದಳು. ಎಲ್ಲ ಓದಿ ಮುಗಿಸಿದ ಮೇಲೆ ಅವಳು ಒಂದೇ ಪ್ರಶ್ನೆ ಕೇಳಿದಳು.

"ಮೇಡಂ, ನಾನು ರುಜು ಹಾಕಿದ್ರೆ ಅಪ್ಪಂಗೆ ಎಷ್ಟು ಟ್ಯಾಕ್ಸ್ ಉಳೀತದೆ?"

ಅವಳಿಗೆ ಏನು ಹೇಳಿ ಕರೆಸಿದ್ದರು ಎಂದು ನನಗೆ ಆಗಲೇ ಗೊತ್ತಾದದ್ದು. ಮರಿಯಪ್ಪನವರು ನೆಲ ನೋಡುತ್ತಿದ್ದರು. ಫೀಸು ಕೊಡುವವರು ಅವರು, ನಿಜ. ಆದರೆ ಲೆಕ್ಕದ ಪ್ರಶ್ನೆಗೆ ಸುಳ್ಳು ಉತ್ತರ ಕೊಡುವ ಫೀಸನ್ನು ನಾನು ಯಾರಿಂದಲೂ ತೆಗೆದುಕೊಂಡಿಲ್ಲ.

"ಒಂದು ರೂಪಾಯಿಯೂ ಉಳಿಯಲ್ಲ. ಅಂಥ ತೆರಿಗೆಯೇ ಇಲ್ಲ. ನಿಮ್ಮ ಪಾಲು ನಿಮ್ಮ ತಮ್ಮಂದಿರಿಗೆ ಹೋಗುತ್ತೆ, ಅಷ್ಟೆ" ಅಂದೆ.

ಲೋಕೇಶ ಎದ್ದು ನಿಂತ. ನಮ್ಮ ಮನೇಲಿ ಉಂಡು ನಮ್ಮ ಮನೆಗೇ ಕೊಳ್ಳಿ ಇಡ್ತಿದ್ದೀರಾ, ಹೆಂಗಸು ಹೆಂಗಸಿನ ಪರ ಮಾತಾಡೋದು ಗೊತ್ತಿದ್ರೆ ಬೇರೆ ಆಡಿಟರ್ ನೋಡ್ತಿದ್ವಿ ಎಂದೆಲ್ಲ ಕೂಗಾಡಿದ. ನಾನೇನು ಸುಮ್ಮನಿರುವವಳಲ್ಲ. ಹೆಂಗಸಾದ್ದರಿಂದಲ್ಲ, ಓದು ಬರಹ ಬರುತ್ತದಲ್ಲ ಅದಕ್ಕೆ ಹೇಳಿದೆ, ಈಗಲೇ ಬೇರೆಯವರನ್ನು ನೋಡಿಕೊ ಎಂದೆ. ಅವನ ತಮ್ಮ ಮೊಬೈಲು ನೋಡುತ್ತಾ ಕೂತಿದ್ದ.

ಇಷ್ಟಾಗುವಾಗ ಅವರ ತಾಯಿ ಮೊರದಲ್ಲಿ ಮಡಿಲಕ್ಕಿ ಹಿಡಿದು ನಿಂತೇ ಇದ್ದರು. ಸುಮಿತ್ರ ಎದ್ದು ಅವರೆದುರು ಹೋದಳು.

"ಅವ್ವ, ಇದು ಮಗಳಿಗೆ ತುಂಬ್ತಿರೋ ಮಡ್ಲಾ, ರುಜುಗಾ?"

ಆ ತಾಯಿ ಗಂಡನ ಮುಖ ನೋಡಿದರು, ಮಗನ ಮುಖ ನೋಡಿದರು. ಕೊನೆಗೆ ಸುಮಿತ್ರಳೇ ಸೆರಗು ಒಡ್ಡಿದಳು. "ತುಂಬವ್ವ. ಅಕ್ಕಿ ತಕೊಂಡೋಯ್ತೀನಿ. ರುಜು ಹಾಕಲ್ಲ." ತಾಯಿ ಮೊರ ಬಗ್ಗಿಸಿದರು, ಅರ್ಧ ಅಕ್ಕಿ ನೆಲಕ್ಕೆ ಬಿತ್ತು.

"ಈ ಒಸ್ಲು ದಾಟಿದ್ರೆ ಮತ್ತೆ ಬರಂಗಿಲ್ಲ, ತಿಳ್ಕಾ" ಅಂದ ಲೋಕೇಶ. ಮರಿಯಪ್ಪನವರು ಮಗನಿಗೆ ಸುಮ್ಮನಿರು ಅನ್ನಲಿಲ್ಲ. ಸುಮಿತ್ರ ಸೆರಗಿನ ಗಂಟು ಬಿಗಿದುಕೊಂಡು ನಡೆದೇ ಬಸ್ ಸ್ಟ್ಯಾಂಡಿಗೆ ಹೋದಳು. ನನ್ನ ಕಾರಿನಲ್ಲಿ ಬಿಡುತ್ತೇನೆ ಎಂದರೂ ಒಪ್ಪಲಿಲ್ಲ.

ಮಳೆಗಾಲ ಕಳೆಯುವ ಮುಂಚೆ ಅವಳು ಪಾಲಿಗಾಗಿ ದಾವೆ ಹಾಕಿದಳು. ಲೋಕೇಶ ಊರಲ್ಲೆಲ್ಲ ನನ್ನನ್ನೇ ಬೈದುಕೊಂಡು ತಿರುಗಿದ. ಮನೆ ಮುರಿಯೋ ಆಡಿಟರ್ ಅಂತ ಹೆಸರಿಟ್ಟ. ಅವನ ಮಾತು ಕೇಳಿ ಕೊಬ್ಬರಿ ಮಂಡಿಯ ಇಬ್ಬರು ನನ್ನನ್ನು ಬಿಟ್ಟರು. ಹೋಗಲಿ. ಕೋರ್ಟಿನಲ್ಲಿ ಅವರ ವಕೀಲರು, ಕಾಂಪ್ಲೆಕ್ಸ್ ಮರಿಯಪ್ಪನವರ ಸ್ವಂತ ದುಡಿಮೆಯದು ಎಂದು ವಾದ ಹೂಡಲು ನೋಡಿದರು. ಅದು ಕುಟುಂಬದ್ದು ಎಂದು ಅವರೇ ಸಲ್ಲಿಸಿದ ತೆರಿಗೆ ರಿಟರ್ನ್‌ಗಳು ಎದುರಿಗಿದ್ದವು. ಸೋಲು ಖಚಿತ ಎಂದು ಗೊತ್ತಾದ ಮೇಲೆ ರಾಜಿಗೆ ಬಂದರು. ಎರಡು ಮಳಿಗೆ ಸುಮಿತ್ರಳ ಪಾಲಿಗೆ ಬಂತು. ರಾಜಿಗೆ ಸಹಿ ಬಿದ್ದ ದಿನ ಕೋರ್ಟಿನ ವರಾಂಡದಲ್ಲಿ ಅಪ್ಪ ಮಗಳು ಒಬ್ಬರ ಪಕ್ಕದಲ್ಲೇ ಇನ್ನೊಬ್ಬರು ನಿಂತಿದ್ದರಂತೆ. ಆಮೇಲೆ ಅವರು ಕಾರು ಹತ್ತಿದರಂತೆ, ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದಳಂತೆ.

ಬಾಡಿಗೆ ಬರಲು ಶುರುವಾದ ಮೇಲೆ ಅವಳು ರಿಟರ್ನ್ ಸಲ್ಲಿಸಲು ನನ್ನ ಆಫೀಸಿಗೆ ಬಂದಳು. ಕೆಲಸ ಮುಗಿಸಿ, ತವರಿಗೆ ಹೋಗಿದ್ದೆಯಾ ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಇಲ್ಲ ಮೇಡಂ. ಅವ್ವ ಸಂತೆಗೆ ಬಂದಾಗ ಯಾರದೋ ಫೋನಿಂದ ಮಾಡ್ತದೆ. ನಾನು ಮನೆ ನಂಬರಿಗೆ ಮಾಡಿದ್ರೆ ಲೋಕೇಶ ಫೋನ್ ಇಟ್ಬುಡ್ತಾನೆ." ಕಾಗದಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, "ಸಂಕಟ ಆಯ್ತದೆ. ಆದ್ರೆ ಟ್ಯಾಕ್ಸ್ ಅಂತ ಸುಳ್ಳು ಹೇಳ್ದೆ, ನಂಗೆ ಬಿಟ್ಕೊಡು ಮಗಳೇ ಅಂತ ಅಪ್ಪ ಬಾಯಿ ತೆಗ್ದು ಕೇಳಿದ್ರೆ, ಅವತ್ತೇ ಹಾಕ್ಬುಡ್ತಿದ್ದೆ ಮೇಡಂ" ಅಂದಳು.

ಈಗ ಯಾವ ಕುಟುಂಬ ಆಸ್ತಿ ಪ್ಲಾನಿಂಗ್ ಎಂದು ಬಂದರೂ ತೆರಿಗೆಯ ಮಾತಿಗೆ ಮುಂಚೆ ಹೆಣ್ಣುಮಕ್ಕಳು ಎಷ್ಟು ಜನ ಎಂದು ಕೇಳುತ್ತೇನೆ. ಅವರನ್ನು ಕರೆದುಕೊಂಡು ಬನ್ನಿ, ನಿಮಗೆ ಬೇಕಾದ್ದನ್ನು ನನ್ನ ಎದುರೇ ಅವರನ್ನು ನೇರವಾಗಿ ಕೇಳಿ, ಆಮೇಲೆ ಕಾಗದ ಮಾಡೋಣ ಎನ್ನುತ್ತೇನೆ. ಅರ್ಧಕ್ಕರ್ಧ ಜನ ಸಿಟ್ಟು ಮಾಡಿಕೊಂಡು ಎದ್ದು ಹೋಗುತ್ತಾರೆ. ಅಂಥವರನ್ನು ನಾನು ತಡೆಯುವುದಿಲ್ಲ.